ಅಡಿಕೆ ಸಿಪ್ಪೆಗೆ ಟ್ರೈಕೋಡರ್ಮಾನಾ, ಬಿಸಿಯ ಬ್ಯಾಕ್ಟೀರಿಯಾನಾ?

ಅಡಿಕೆ ಸಿಪ್ಪೆಯ ಸೆಲ್ಯುಲೋಸ್ (ನಾರಿನ ಮುಖ್ಯ ಅಂಶ) ಒಡೆಯುವ ಪ್ರಾಜೆಕ್ಟಿಗೆ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ.

ಖರ್ಚು ಕಡಿಮೆ ಇರಬೇಕು, ಕಾಲೇಜು ಲ್ಯಾಬಿನಲ್ಲೇ ಮುಗಿಯಬೇಕು ಅಂದ್ರೆ ಟ್ರೈಕೋಡರ್ಮಾ ಶಿಲೀಂಧ್ರ. 28-30 ಡಿಗ್ರಿಯಲ್ಲಿ ಸುಮ್ನೆ ಬೆಳೆಯುತ್ತದೆ, ಸೆಲ್ಯುಲೋಸ್ ಒಡೆಯುವ ಕಿಣ್ವವನ್ನು ಧಾರಾಳವಾಗಿ ಹೊರಗೆ ಬಿಡುತ್ತದೆ. ಆದರೆ ಆ ಕಿಣ್ವ 60 ಡಿಗ್ರಿ ದಾಟಿದರೆ ಹೆಚ್ಚು ಹೊತ್ತು ಬಾಳುವುದಿಲ್ಲ.

ಬಿಸಿಯಲ್ಲೂ ಕಿಣ್ವ ಬಾಳಬೇಕು ಅಂದ್ರೆ ಬಿಸಿಯಲ್ಲೇ ಬೆಳೆಯುವ ಬ್ಯಾಕ್ಟೀರಿಯಾ. ನಮ್ಮ ಮಲೆನಾಡಿನ ಗೊಬ್ಬರದ ಗುಂಡಿಯನ್ನು ಮಳೆಗಾಲದ ಬೆಳಿಗ್ಗೆ ಗುದ್ದಲಿಯಿಂದ ಕೆದಕಿ ನೋಡಿ, ಹೊರಗೆ ಚಳಿ ಇದ್ದರೂ ಒಳಗಿಂದ ಹಬೆ ಏಳುತ್ತದೆ, ಕೈ ಇಡಕ್ಕಾಗಲ್ಲ. ಥರ್ಮೋಬಿಫಿಡಾ ಫಸ್ಕಾ ಅನ್ನೋ ಬ್ಯಾಕ್ಟೀರಿಯಾ ಬದುಕುವುದು ಅಂಥ ಜಾಗದಲ್ಲೇ, ಸುಮಾರು 50-55 ಡಿಗ್ರಿಯಲ್ಲಿ. ಅದಕ್ಕೆ ಗಾಳಿ ಬೇಕು, ಹಾಗಾಗಿ ಬಿಸಿಯಾದ ಶೇಕರ್ (ಫ್ಲಾಸ್ಕ್ ಅಲುಗಾಡಿಸುವ ಯಂತ್ರ) ಇದ್ದರೆ ಸಾಕು.

ಇನ್ನೊಂದು ಬಿಸಿಯ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಮ್, ಅದು ಬೇರೆಯೇ ಕಥೆ. ಹಲವು ಕಿಣ್ವಗಳನ್ನು ಒಂದೇ ಪ್ರೋಟೀನಿಗೆ ಹೂ ಪೋಣಿಸಿದ ಹಾಗೆ ಜೋಡಿಸಿಕೊಂಡು, ನಾರಿಗೆ ಅಂಟಿಕೊಂಡೇ ಕತ್ತರಿಸುತ್ತದೆ. ಇದಕ್ಕೆ ಸೆಲ್ಯುಲೋಸೋಮ್ ಅಂತ ಹೆಸರು, ನನಗಂತೂ ಇದು ತುಂಬಾ ಇಷ್ಟ. ಆದರೆ 60 ಡಿಗ್ರಿ ಬೇಕು, ಆಮ್ಲಜನಕ ಸೋಕಬಾರದು. ಆ ವ್ಯವಸ್ಥೆ ಇರುವ ಲ್ಯಾಬ್ ಸಿಕ್ಕರೆ ಮಾತ್ರ ಕೈ ಹಾಕಿ.

ಯಾವುದೇ ತಗೊಳ್ಳಿ, ಸಿಪ್ಪೆಯಲ್ಲಿ ಲಿಗ್ನಿನ್ (ನಾರನ್ನು ಗಟ್ಟಿಯಾಗಿ ಹಿಡಿದಿಡುವ ವಸ್ತು) ಜಾಸ್ತಿ ಇದೆ ಅಲ್ವಾ, ಮೊದಲು ಕ್ಷಾರದಲ್ಲಿ ನೆನೆಸಿ ತೊಳೆದುಕೊಳ್ಳಿ.