ಮರೀನಾ ಲೈಟ್‌ಹೌಸ್: ಲಿಫ್ಟ್ ಹತ್ತುವ ಮೊದಲು

ಕಾಸರಗೋಡಿನಲ್ಲಿ ಮಧ್ಯಾಹ್ನ ಚೆನ್ನೈ ಮೇಲ್ ಹತ್ತಿದರೆ ಮರುದಿನ ಬೆಳ್ಳಂಬೆಳಗ್ಗೆ ಸೆಂಟ್ರಲ್. ಎದುರಿನ ಪಾರ್ಕ್ ಟೌನಿನಿಂದ ನಗರದೊಳಗೆ ಓಡುವ ಎಂಆರ್‌ಟಿಎಸ್ ರೈಲು ಹಿಡಿದು ‘ಲೈಟ್ ಹೌಸ್’ ನಿಲ್ದಾಣದಲ್ಲಿ ಇಳಿದು ಕಡಲಿನತ್ತ ನಡೆಯಿರಿ. ಕೆಂಪು-ಬಿಳಿ ಪಟ್ಟೆಯ ಮುಮ್ಮೂಲೆ ಗೋಪುರ ದೂರದಿಂದಲೇ ಕಾಣುತ್ತದೆ. ಸೋಮವಾರ ರಜೆ. ಮಧ್ಯಾಹ್ನ 1ರಿಂದ 3ರವರೆಗೂ ಬಾಗಿಲು ಹಾಕಿರುತ್ತದೆ. ಉಂಡು ನೇರ ಬಂದವರು ಬಿಸಿಲಲ್ಲಿ ಕಾಯಬೇಕು.

ಆದರೂ 3ರ ನಂತರವೇ ಒಳ್ಳೆಯದು. ನಮ್ಮದು ಪಡುವಣ ಕಡಲು, ಅಲ್ಲಿಯದು ಮೂಡಣದ್ದು. ಬೆಳಗ್ಗೆ ಹೋದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಫೋಟೊ ಮಸುಕು. ಸಂಜೆ ಸೂರ್ಯ ಬೆನ್ನಿಗಿರುತ್ತಾನೆ.

ಭದ್ರತೆಯ ಕಾರಣಕ್ಕೆ ವರ್ಷಗಟ್ಟಲೆ ಮುಚ್ಚಿದ್ದ ಗೋಪುರ ಜನರಿಗೆ ಮತ್ತೆ ತೆರೆದದ್ದು 2013ರಲ್ಲಿ. ಕಾಪುವಿನ 1901ರ ದೀಪಸ್ತಂಭದ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟವರಿಗೆ ಇಲ್ಲಿ ಒಂಬತ್ತನೇ ಮಾಳಿಗೆವರೆಗೆ ಲಿಫ್ಟ್ ಇದೆ, ಅಜ್ಜ-ಅಜ್ಜಿಯರನ್ನೂ ಕರೆದೊಯ್ಯಬಹುದು. ತಪ್ಪಾಗುವುದೂ ಇಲ್ಲೇ: ಎಲ್ಲರೂ ಲಿಫ್ಟಿಗೆ ನುಗ್ಗುತ್ತಾರೆ, ಕೆಳಗಿನ ಮ್ಯೂಸಿಯಂ ಬಿಟ್ಟುಹೋಗುತ್ತದೆ.

ದೀಪದ ಬೆಳಕನ್ನು ದೂರಕ್ಕೆ ಕಳಿಸುವ ಮಸೂರದ (ಲೆನ್ಸ್) ಕೆಲಸ ತಿಳಿಯದೆ ಮೇಲೆ ಹೋದರೆ ಬರೀ ಗಾಳಿ ಕುಡಿದು ಬಂದಂತೆ. ದೀಪಸ್ತಂಭದ ಮಸೂರದಲ್ಲಿ ಗಾಜಿನ ಪಟ್ಟಕಗಳನ್ನು (ಪ್ರಿಸಂ) ಉಂಗುರ ಉಂಗುರವಾಗಿ ಜೋಡಿಸಿರುತ್ತಾರೆ. ಮೇಲಕ್ಕೂ ಕೆಳಕ್ಕೂ ಚೆಲ್ಲಿಹೋಗುವ ಬೆಳಕನ್ನು ಅವು ಬಾಗಿಸಿ ಕಡಲಿನ ಮಟ್ಟಕ್ಕೆ ತರುತ್ತವೆ. ದೀಪ ಆರಿ ಹೊತ್ತುವುದಿಲ್ಲ, ತಿರುಗುವುದು ಮಸೂರ. ಕಿರಣ ಹಾದುಹೋದಾಗ ಹಡಗಿನವರಿಗೆ ಮಿಂಚಿದಂತೆ ಕಾಣುತ್ತದೆ. ಇದು ಯಾವ ದೀಪಸ್ತಂಭ ಎಂದು ಹಡಗಿನವರು ತಿಳಿಯುವ ಇಲ್ಲಿಯ ಗುರುತು 10 ಸೆಕೆಂಡಿಗೆ ಎರಡು ಮಿಂಚು. ಇಂಥ ಮಸೂರಕ್ಕೆ ಹಗಲಲ್ಲಿ ಪರದೆ ಎಳೆಯುವುದು ಅಂದಕ್ಕಲ್ಲ. ಬಿಸಿಲನ್ನು ಒಟ್ಟುಗೂಡಿಸಿ ಅದು ತನ್ನ ದೀಪವನ್ನೇ ಸುಟ್ಟೀತು.

1977ರ ಈ ಗೋಪುರ ಮದ್ರಾಸಿನ ನಾಲ್ಕನೆಯದು. ಮೊದಲನೆಯದು 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಒಂದು ಕಟ್ಟಡದ ತಾರಸಿಯ ಮೇಲೆ ಉರಿಯಿತು. ಎಣ್ಣೆ ನಮ್ಮವರಿಗೆ ಹೊಸತಲ್ಲ, ತೆಂಗಿನೆಣ್ಣೆ! ಆ ಕಟ್ಟಡವೇ ಈಗಿನ ಫೋರ್ಟ್ ಮ್ಯೂಸಿಯಂ. 1844ರಲ್ಲಿ ದೀಪ ಕಗ್ಗಲ್ಲಿನ ಕಂಬಕ್ಕೆ ಹೋಯಿತು. ಪಕ್ಕದಲ್ಲೇ 1892ರಲ್ಲಿ ಹೈಕೋರ್ಟ್ ಎದ್ದಿತು, ಅದರ ಗುಮ್ಮಟ ಕಂಬಕ್ಕಿಂತ ಎತ್ತರ; 1894ರಲ್ಲಿ ದೀಪ ಅಲ್ಲಿಗೇ ಏರಿತು.

ಶುಕ್ರವಾರ ಫೋರ್ಟ್ ಮ್ಯೂಸಿಯಂಗೆ ರಜೆ. ಹಾಗಾಗಿ ಶನಿವಾರ ಬೆಳಗ್ಗೆ ಗುರುತಿನ ಚೀಟಿ ಹಿಡಿದು ಕೋಟೆಗೆ, ಬಳಿಕ ಹೈಕೋರ್ಟ್ ಕಡೆಗೆ ಹೋಗಿ. ಅಲ್ಲಿ ಕಾವಲು ಬಿಗಿ, ಕಂಬವನ್ನೂ ಗುಮ್ಮಟವನ್ನೂ ರಸ್ತೆಯಿಂದಲೇ ನೋಡಿ. ಊಟ ಮುಗಿಸಿ 3ಕ್ಕೆ ಮರೀನಾ.