ವಾದ್ಯವೃಂದವೋ, ಜಾಝ್ ಮೇಳವೋ: ಉತ್ಪನ್ನ ತಂಡಕ್ಕೆ ಯಾವ ಪದ್ಧತಿ?

ಹೊಸ ಉತ್ಪನ್ನ ರೂಪಿಸಲು ತಂಡ ಕಟ್ಟುವವರು ಸಂಗೀತಗಾರರಿಂದ ಎರಡು ಭಿನ್ನ ಪದ್ಧತಿಗಳನ್ನು ಪಡೆಯಬಹುದು. ಸಿಂಫನಿ ವಾದ್ಯವೃಂದದಲ್ಲಿ ಸ್ವರಲಿಪಿ ಮೊದಲೇ ಸಿದ್ಧವಾಗಿರುತ್ತದೆ. ಹತ್ತಾರು ವಾದಕರು ಮುಂದೆ ನಿಂತು ವಾದನವನ್ನು ನಡೆಸುವ ನಿರ್ವಾಹಕನ ಕೈಸನ್ನೆಯನ್ನು ಅನುಸರಿಸುತ್ತಾರೆ. ಏನು ತಯಾರಾಗಬೇಕೆಂಬುದು ಸ್ಪಷ್ಟವಾಗಿದ್ದು, ತಪ್ಪಿಗೆ ಅವಕಾಶವಿಲ್ಲದ ಕೆಲಸಕ್ಕೆ ಇದೇ ಸರಿ.

ಜಾಝ್ ಮೇಳದ ರೀತಿಯೇ ಬೇರೆ. ಅಲ್ಲಿ ನಿಯಮಗಳೇ ಇಲ್ಲವೆಂಬುದು ಹೊರಗಿನವರ ಭ್ರಮೆ. ಬ್ಲೂಸ್ ಎಂಬ ಶೈಲಿಯ 12 ಬಾರ್‌ಗಳ (ತಾಳದ ಆವರ್ತಗಳ) ಚೌಕಟ್ಟಿನಲ್ಲಿ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಕ್ರಮವೂ ಲಯವೂ ಎಲ್ಲರಿಗೂ ಗೊತ್ತಿರುವುದರಿಂದಲೇ ಸ್ಯಾಕ್ಸೊಫೋನ್ ವಾದಕ ಆ ಕ್ಷಣಕ್ಕೆ ಹೊಳೆದ ಸಂಚಾರವನ್ನು ಧೈರ್ಯವಾಗಿ ನುಡಿಸುತ್ತಾನೆ, ಪಿಯಾನೋ ವಾದಕ ತನ್ನ ಕಾರ್ಡ್‌ಗಳನ್ನು ವಿರಳಗೊಳಿಸಿ ಅವನಿಗೆ ಜಾಗ ಬಿಡುತ್ತಾನೆ, ಸರದಿ ಬಂದಾಗ ಮುಂದಾಳತ್ವವೂ ಕೈ ಬದಲಾಗುತ್ತದೆ. ಬಳಕೆದಾರರಿಗೆ ಬೇಕಾದದ್ದೇನೆಂದು ಇನ್ನೂ ಹುಡುಕುತ್ತಿರುವ ಹಂತಕ್ಕೆ ಇದು ಹೊಂದುತ್ತದೆ. ಆದರೆ ಮಂದಿ ಹೆಚ್ಚಿದಷ್ಟೂ ಗದ್ದಲ. ನುರಿತವರಿಲ್ಲದಿದ್ದರಂತೂ ನಡೆಯುವುದೇ ಇಲ್ಲ.

ಇವೆರಡರ ನಡುವಿನ ದಾರಿಯೂ ಇದೆ, ನನ್ನ ಒಲವು ಅದರತ್ತ. 1972ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ ನಿರ್ವಾಹಕನಿಲ್ಲದೆ ನುಡಿಸುತ್ತದೆ. ಕೃತಿಯಿಂದ ಕೃತಿಗೆ ಮುಂದಾಳುಗಳು ಬದಲಾಗುತ್ತಾರೆ. ಸಣ್ಣ ಗುಂಪೊಂದು ಕೃತಿಯನ್ನು ಹೇಗೆ ನುಡಿಸಬೇಕೆಂದು ಮೊದಲು ಚರ್ಚಿಸಿದ ಬಳಿಕ ಉಳಿದವರು ಸೇರುತ್ತಾರೆ, ತಾಲೀಮಿನ ನಡುವೆ ವಾದಕರು ಸರದಿಯಂತೆ ಸಭಾಂಗಣಕ್ಕೆ ಇಳಿದು ಕೇಳುಗರ ಜಾಗದಿಂದ ಆಲಿಸುತ್ತಾರೆ. ಉತ್ಪನ್ನ ತಂಡಗಳು ಈ ಕೊನೆಯ ಅಭ್ಯಾಸವನ್ನು ಯಾವ ಪದ್ಧತಿಯಲ್ಲಿದ್ದರೂ ರೂಢಿಸಿಕೊಳ್ಳಬೇಕು. ಈ ಮಾರ್ಗದಲ್ಲಿ ಚರ್ಚೆಗೆ ಸಮಯ ಹೆಚ್ಚು ಹಿಡಿಯುತ್ತದೆ. ಗಡುವು ಹತ್ತಿರವಿದ್ದರೆ ನಿರ್ವಾಹಕನಿರುವ ವಾದ್ಯವೃಂದದ ಕ್ರಮವೇ ಲೇಸು.