65 ವ್ಯಾಟ್ ಅಂದ್ರ ಎಷ್ಟು ವ್ಯಾಟ್?

ಮದುವೆ ವಿಡಿಯೊ ಎಡಿಟಿಂಗಿಗೆ ಕಂಪ್ಯೂಟರ್ ಜೋಡಿಸಬೇಕು, ಅದರ ಮುಖ್ಯ ಚಿಪ್ (ಪ್ರೊಸೆಸರ್) ಆಗಿ ಇಂಟೆಲ್ ಕೋರ್ ಐ5-13400 ಹಾಕಿಸಲೋ ಎಎಂಡಿ ರೈಜನ್ 5 7600 ಹಾಕಿಸಲೋ ಎಂದು ವಿಜಯಪುರದ ಗೆಳೆಯರೊಬ್ಬರು ಕೇಳಿದರು. ಎರಡರ ವಿವರದಲ್ಲೂ 65 ವ್ಯಾಟ್ ಎಂದೇ ಇದೆ. ಆದರೆ ಪೂರ್ತಿ ದುಡಿಸಿದಾಗ ಇಂಟೆಲ್ 148 ವ್ಯಾಟ್‌ವರೆಗೆ ಏರಬಹುದು, ರೈಜನ್‌ನ ಮಿತಿ 88. ಆ 60 ವ್ಯಾಟ್ ಅಂತರ ದಿನಕ್ಕೆ ಆರು ತಾಸು ರೆಂಡರಿಂಗ್ (ಎಡಿಟ್ ಆದದ್ದನ್ನು ಪೂರ್ತಿ ವಿಡಿಯೊ ಮಾಡುವ ಕೆಲಸ) ನಡೆದರೆ ತಿಂಗಳಿಗೆ ಹೆಚ್ಚೆಂದರೆ 11 ಯೂನಿಟ್. ಹೆಸ್ಕಾಂ ಬಿಲ್ಲಿಗಿಂತ ಸೆಕೆಯೇ ದೊಡ್ಡ ತಕರಾರು: ಚಿಪ್ ಎಳೆದ ಕರೆಂಟೆಲ್ಲ ಕೋಣೆಯಲ್ಲಿ ಶಾಖವಾಗುತ್ತದೆ, ಅದೂ ನಮ್ಮ ಏಪ್ರಿಲ್‌ನಲ್ಲಿ! ಕರೆಂಟ್ ಹೋದಾಗ ಯುಪಿಎಸ್ ಕೂಡ ರೈಜನ್ ಜೊತೆ ತುಸು ಹೆಚ್ಚು ಹೊತ್ತು ತಾಳುತ್ತದೆ.

ಜಾಹೀರಾತಿನ ನಗೆಚಾಟಿಕೆ ನಂಬಿ ಆರಿಸಬೇಡಿ. 1998ರಲ್ಲಿ ಆಪಲ್ ಇಂಟೆಲ್‌ನ ಪೆಂಟಿಯಂ 2 ಚಿಪ್ಪನ್ನು ಬಸವನಹುಳದ ಬೆನ್ನಿಗೇರಿಸಿ ಜಗತ್ತನ್ನು ನಗಿಸಿತು. 2006ರಲ್ಲಿ ಅದೇ ಇಂಟೆಲ್‌ನ ಚಿಪ್ಪನ್ನು ತನ್ನ ಮ್ಯಾಕ್ ಕಂಪ್ಯೂಟರ್‌ಗೆ ಹಾಕಿತು. 2020ರಲ್ಲಿ ಕಡಿಮೆ ಕರೆಂಟಿನ ಮಾತಾಡುತ್ತ ಸ್ವಂತ ಎಂ1 ಚಿಪ್ ತಂದಿತು. ‘ಪ್ರತಿ ವ್ಯಾಟ್‌ಗೆ ಇಷ್ಟು ಪಟ್ಟು ವೇಗ’ ಎಂದಾಗ ಯಾವ ಚಿಪ್‌ಗಿಂತ, ಯಾವ ಕೆಲಸದಲ್ಲಿ ಎಂಬುದು ಅಡಿಟಿಪ್ಪಣಿಯಲ್ಲಿ ಇರುವೆ ಗಾತ್ರದಲ್ಲಿರುತ್ತದೆ. ಮೊದಲು ಅದನ್ನೇ ಓದಿ.

ಬರೀ ಟೈಪಿಂಗ್, ಟ್ಯಾಲಿ ಕೆಲಸವಿದ್ದರೆ ಲೆಕ್ಕ ಬೇರೆ. ಸುಮ್ಮನೆ ಕೂತಾಗ ಇಂಟೆಲ್ ಸಾಮಾನ್ಯವಾಗಿ ಕಡಿಮೆ ಎಳೆಯುತ್ತದೆ, ಹಳೇ ಡಿಡಿಆರ್4 ರ‍್ಯಾಮ್‌ನ ಬೋರ್ಡೂ ಅದಕ್ಕೆ ಸಿಗುತ್ತದೆ. ರೈಜನ್‌ಗೆ ಹೊಸ ಡಿಡಿಆರ್5 ರ‍್ಯಾಮ್ ಬೇಕೇ ಬೇಕು. ಗೆಳೆಯರಿಗೆ ರೈಜನ್ ಎಂದೆ, ಅವರ ಅಂಗಡಿಯ ಲೆಕ್ಕ ಬರೆಯುವವರಿಗೆ ಇಂಟೆಲ್.